ಕ್ರೋಶಾ ಪ್ರಾಣಿಗೊಂಬೆ: ಧಾರವಾಡ ಸೀಮೆಯ ಕೈ ಉಡುಗೊರೆ

ಕ್ರೋಶಾ ಪ್ರಾಣಿಗೊಂಬೆ ಎಂದರೆ ಒಂದು ಕೊಕ್ಕೆ ಸೂಜಿ, ಒಂದು ಎಳೆ ದಾರ ಹಿಡಿದು ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಹೆಣೆದು, ಒಳಗೆ ಅರಳೆ ಇಲ್ಲವೆ ಫೈಬರ್ ತುಂಬಿ ಮಾಡಿದ ಮೆತ್ತನೆಯ ಆಟಿಕೆ. ಆನೆ, ಕರಡಿ, ಮೊಲ, ಗಿಳಿ, ಆಮೆ ಇದರಲ್ಲಿ ಹೆಚ್ಚಾಗಿ ಕಾಣುವ ರೂಪಗಳು. ಜಗತ್ತಿನ ಹೆಣಿಗೆಗಾರರಲ್ಲಿ ಇದಕ್ಕೆ ಅಮಿಗುರುಮಿ ಎಂಬ ಜಪಾನಿ ಹೆಸರು ನಿಂತಿದೆ. ಹೆಣೆಯುವುದು ಎಂಬರ್ಥದ ‘ಅಮಿ’ ಹಾಗೂ ತುಂಬಿದ ಗೊಂಬೆ ಎಂಬರ್ಥದ ‘ನುಯಿಗುರುಮಿ’ ಕೂಡಿ ಆದ ಪದ ಅದು. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬಾಗಿಲ ತೋರಣ, ಟೇಬಲ್ ಕ್ಲಾತ್, ಟಿವಿ ಮೇಲಿನ ಹೊದಿಕೆ, ಕೂಸಿನ ಟೊಪ್ಪಿಗೆಗಳ ರೂಪದಲ್ಲಿ ಕ್ರೋಶಾ ಹಳೆಯ ಪರಿಚಯ, ಪ್ರಾಣಿಗೊಂಬೆ ಹೊಸದು. ಇದು ಮೊಬೈಲಿನಲ್ಲಿ ನೋಡಿ ಕಲಿತ ಪರದೇಶಿ ಖಯಾಲಿ ಎಂದು ಕೆಲವರು, ಮನೆಯಲ್ಲಿ ಕೂತು ದುಡ್ಡು ಮಾಡುವ ಸುಲಭದ ಉದ್ಯೋಗ ಎಂದು ಇನ್ನು ಕೆಲವರು ಇದನ್ನು ಕಾಣುತ್ತಾರೆ. ಎರಡೂ ನೋಟ ಪೂರ್ತಿ ಸರಿಯಲ್ಲ. ತಂತ್ರ ಹೊರಗಿನಿಂದ ಬಂದರೂ ಅದು ನಿಂತ ಜಾಗ ಈ ಸೀಮೆಯ ಉಡುಗೊರೆಯ ಪದ್ಧತಿ. ಮತ್ತು ಹೆಣೆಯುವ ಕೈಗೆ ನ್ಯಾಯ ಸಿಗುವುದು ಅಂಗಡಿಯಲ್ಲಿ ಇಟ್ಟಾಗಲ್ಲ, ಯಾರಿಗೆಂದು ಗೊತ್ತಿದ್ದು ಕೊಟ್ಟಾಗ. ಈ ಮಾತಿಗೆ ಆಧಾರ ಹೆಣಿಗೆಯ ರೀತಿಯಲ್ಲಿಯೇ ಇದೆಯಾದ್ದರಿಂದ ಅಲ್ಲಿಂದಲೇ ಆರಂಭಿಸಬೇಕು.

ಹೆಣಿಗೆಯ ಲೆಕ್ಕ

ಎರಡು ಸೂಜಿಯ ಸ್ವೆಟರ್ ಹೆಣಿಗೆಯಲ್ಲಿ ಹತ್ತಾರು ಕುಣಿಕೆಗಳು ಏಕಕಾಲಕ್ಕೆ ಸೂಜಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಕ್ರೋಶಾದಲ್ಲಿ ಹಾಗಿಲ್ಲ. ಒಂದು ಕುಣಿಕೆ ಮುಗಿದ ಮೇಲೆಯೇ ಇನ್ನೊಂದು. ಸೂಜಿಯ ಮೇಲೆ ಬಾಕಿ ಉಳಿಯುವುದು ಒಂದೇ ಕುಣಿಕೆ. ಹೀಗಾಗಿ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು, ಹಿಂದಿನ ಯಾವ ಕುಣಿಕೆಯಲ್ಲಿ ಬೇಕಾದರೂ ಸೂಜಿ ಚುಚ್ಚಿ ಮುಂದುವರಿಸಬಹುದು. ದುಂಡು, ಕೊಳವೆ, ಶಂಕು ಇಂಥ ಆಕಾರಗಳು ಕ್ರೋಶಾಗೆ ಸಲೀಸಾಗಿ ಒಲಿಯುವುದು ಈ ಸ್ವಾತಂತ್ರ್ಯದಿಂದ. ಪ್ರಾಣಿಯ ಮೈ ಎಂದರೆ ಕಡೆಗೆ ಇವೇ ಆಕಾರಗಳ ಜೋಡಣೆ: ತಲೆ ಒಂದು ಚೆಂಡು, ಕಾಲು ಒಂದು ಕೊಳವೆ, ಕಿವಿ ಒಂದು ಬಿಲ್ಲೆ.

ಆನೆಯ ತಲೆಯೊಂದನ್ನೇ ತೆಗೆದುಕೊಳ್ಳೋಣ. ದಾರದಿಂದ ಒಂದು ಉಂಗುರ ಮಾಡಿ ಅದರೊಳಗೆ 6 ಕುಣಿಕೆ ಹಾಕಿ, ದಾರದ ತುದಿಯನ್ನೆಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿ ಕುಣಿಕೆಯಲ್ಲೂ ಎರಡೆರಡು ಹಾಕಿದರೆ 12. ಮೂರನೆಯ ಸುತ್ತಿಗೆ ಒಂದು ಬಿಟ್ಟು ಒಂದರಲ್ಲಿ ಎರಡು ಹಾಕಿದರೆ 18. ಹೀಗೆ ಸುತ್ತಿಗೆ ಆರಾರು ಏರುತ್ತ ಆರನೆಯ ಸುತ್ತಿಗೆ 36 ಆಗುತ್ತದೆ. ಆರೇ ಏಕೆ ಎಂಬುದಕ್ಕೆ ಸರಳ ಗಣಿತವಿದೆ. ವೃತ್ತದ ತ್ರಿಜ್ಯ ಒಂದು ಅಳತೆ ಬೆಳೆದರೆ ಸುತ್ತಳತೆ ಅದರ 6.28 ಪಟ್ಟು ಬೆಳೆಯುತ್ತದೆ. ಇಲ್ಲಿ ಹಾಕುವ ‘ಸಿಂಗಲ್ ಕ್ರೋಶಾ’ ಎಂಬ ಬಗೆಯ ಕುಣಿಕೆಯ ಅಗಲ-ಎತ್ತರ ಸುಮಾರಾಗಿ ಸಮ. ಆದ್ದರಿಂದ ಸುತ್ತಿಗೆ ಆರು ಏರಿಸಿದರೆ ಬಿಲ್ಲೆ ರೊಟ್ಟಿಯಂತೆ ಸಪಾಟಾಗಿ ಕೂಡುತ್ತದೆ. ಕಡಿಮೆ ಏರಿಸಿದರೆ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ, ಹೆಚ್ಚು ಏರಿಸಿದರೆ ಸೀರೆಯ ನೆರಿಗೆಯಂತೆ ಅಲೆಯಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಈ ನೆರಿಗೆಯ ಗುಣವನ್ನೇ ಹಿಡಿದು ಹೈಪರ್ಬಾಲಿಕ್ ಜ್ಯಾಮಿತಿಯ ಮಾದರಿಗಳನ್ನು ಹೆಣೆದು ತೋರಿಸಿದರು. 36ಕ್ಕೆ ಮುಟ್ಟಿದ ಮೇಲೆ ಏರಿಕೆ ನಿಲ್ಲಿಸಿ ಅಷ್ಟರಲ್ಲೇ ಆರು ಸುತ್ತು ಹೋದರೆ ಗೋಡೆ ಏಳುತ್ತದೆ. ಆಮೇಲೆ ಎರಡು ಕುಣಿಕೆ ಒಂದಾಗಿಸುತ್ತ ಆರಾರು ಇಳಿಸಿದರೆ 30, 24, 18, 12, 6. ಬಾಯಿ ಮುಚ್ಚುವ ಮುಂಚೆ ಅರಳೆ ತುಂಬಬೇಕು. ಇಷ್ಟು ಮಾಡಿದ ತಲೆಯಲ್ಲಿ ಒಟ್ಟು 432 ಕುಣಿಕೆಗಳಿರುತ್ತವೆ. ಸುತ್ತಿನ ಕೊನೆ ಎಲ್ಲಿ ಎಂದು ಕಣ್ಣಿಗೆ ಕಾಣುವುದಿಲ್ಲ, ಸುರುಳಿಯಾಗಿ ಹೋಗುತ್ತಲೇ ಇರುತ್ತದೆ. ಬೇರೆ ಬಣ್ಣದ ಒಂದು ತುಂಡು ದಾರವನ್ನು ಸುತ್ತಿನ ಮೊದಲ ಕುಣಿಕೆಯಲ್ಲಿ ಗುರುತಿಗಿಟ್ಟುಕೊಳ್ಳುತ್ತಾರೆ. ದಾರದ ಚೀಟಿಯ ಮೇಲೆ ಬರೆದ ಅಳತೆಗಿಂತ ಸಣ್ಣ ಸೂಜಿ ಹಿಡಿಯುವುದು ಇನ್ನೊಂದು ರೂಢಿ. ಹೆಣಿಗೆ ಸಡಿಲವಾದರೆ ಒಳಗಿನ ಫೈಬರ್ ಹೊರಗೆ ಇಣುಕುತ್ತದೆ.

ಎಣಿಸುವ ಈ ಶಿಸ್ತು ಧಾರವಾಡಕ್ಕೆ ಹೊಸದಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಇಲ್ಲಿಯ ಕಸೂತಿಯೂ ಎಣಿಕೆಯ ಕಲೆಯೇ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳದೆ, ನೇಯ್ದ ಎಳೆಗಳನ್ನು ಎಣಿಸಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯಲ್ಲಿ ಹೊಲಿಯುತ್ತಾರೆ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಚಿತ್ರ ಕಾಣಬೇಕು, ಗಂಟು ಕಾಣಬಾರದು. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತುಳಸಿಕಟ್ಟೆಗಳ ಜತೆಗೆ ಅಂಬಾರಿ ಆನೆ, ನವಿಲು, ಗಿಳಿ, ಹಂಸಗಳು ಮೂಡುವುದು ಈ ಎಣಿಕೆಯಿಂದ. ಒಂದು ಎಳೆ ತಪ್ಪಿದರೆ ಆನೆಯ ಕಾಲು ಸೊಟ್ಟ. ಕ್ರೋಶಾದಲ್ಲೂ ಅಷ್ಟೆ: ಒಂದು ಕುಣಿಕೆ ತಪ್ಪಿದರೆ ಆನೆಯ ಸೊಂಡಿಲು ಬದಿಗೆ ವಾಲುತ್ತದೆ. ಕಸೂತಿಯ ಆನೆ ಸಪಾಟು, ಕ್ರೋಶಾದ ಆನೆ ದುಂಡಗೆ. ಬೆರಳಿಗೆ ಬೇಕಾದ ತಾಳ್ಮೆ ಮಾತ್ರ ಒಂದೇ.

ಬಂದ ದಾರಿ

ಕ್ರೋಶಾ ಎಂಬ ಮಾತು ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಸಣ್ಣ ಕೊಕ್ಕೆ. ಅಚ್ಚಾದ ಮೊದಲ ಕ್ರೋಶಾ ಮಾದರಿಗಳು ಸಿಗುವುದು 1820ರ ದಶಕದ ಡಚ್ ಪತ್ರಿಕೆ ‘ಪೆನೆಲೊಪೆ’ಯಲ್ಲಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಹಾಳಾಗಿ ಬರ ಬಿದ್ದಾಗ ಅಲ್ಲಿಯ ಕ್ರೈಸ್ತ ಸನ್ಯಾಸಿನಿಯರೂ ಸ್ಥಿತಿವಂತ ಮನೆಯ ಹೆಂಗಸರೂ ಬಡ ಕುಟುಂಬಗಳಿಗೆ ಕ್ರೋಶಾ ಲೇಸು ಕಲಿಸಿ ಹೊಟ್ಟೆಪಾಡಿಗೆ ದಾರಿ ಮಾಡಿದರು. ದಕ್ಷಿಣ ಭಾರತಕ್ಕೆ ಲೇಸಿನ ಹೆಣಿಗೆ ಹೆಚ್ಚಾಗಿ ಮಿಶನರಿಗಳ ಕೈಯಿಂದ ಬಂತು. ಆಂಧ್ರದ ಗೋದಾವರಿ ಸೀಮೆಯ ನರಸಾಪುರಕ್ಕೆ ಸ್ಕಾಟ್ಲೆಂಡಿನ ಮಿಶನರಿ ಮೆಕ್ರೆ ದಂಪತಿ 1844ರ ಸುಮಾರಿಗೆ ತಂದ ಲೇಸು ಅಲ್ಲಿ ದೊಡ್ಡ ಉದ್ಯಮವಾಗಿ ಬೆಳೆದು, 2024ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ಬಾಸೆಲ್ ಮಿಶನ್ ನೆಲೆಯೂರಿತ್ತು. ಮಿಶನ್ ಶಾಲೆಗಳು, ಆಮೇಲೆ ಸರಕಾರಿ ಕನ್ಯಾಶಾಲೆಗಳು ಹೊಲಿಗೆ-ಹೆಣಿಗೆಯನ್ನು ಹೆಣ್ಣುಮಕ್ಕಳ ಪಾಠದಲ್ಲಿ ಸೇರಿಸಿದ್ದು ಆ ಕಾಲದ ಸಾಮಾನ್ಯ ಪದ್ಧತಿ. ಮರಾಠಿ ಸೀಮೆಯ ನಂಟೂ ಇಲ್ಲಿ ಗಾಢವಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಊರುಗಳಲ್ಲಿ ಹೆಣಿಗೆಯ ಪುಸ್ತಕ, ಪದಗಳು ಅತ್ತಲಿಂದ ಬರುವುದು ಸಹಜವಿತ್ತು.

ತುಂಬಿದ ಪ್ರಾಣಿಗೊಂಬೆಯ ಕಥೆ ಬೇರೆ. ಜರ್ಮನಿಯ ಮಾರ್ಗರೆಟ್ ಸ್ಟೈಫ್ 1880ರಲ್ಲಿ ಫೆಲ್ಟ್ ಬಟ್ಟೆಯಿಂದ ಆನೆಯೊಂದನ್ನು ಹೊಲಿದದ್ದು ಸೂಜಿ ಚುಚ್ಚಿಡಲು. ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಂಡರು, ಅಲ್ಲಿಂದ ಒಂದು ಕಾರ್ಖಾನೆಯೇ ಬೆಳೆಯಿತು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ 1902ರ ಬೇಟೆಯ ಪ್ರಸಂಗ ಟೆಡ್ಡಿ ಕರಡಿಗೆ ಹೆಸರು ಕೊಟ್ಟಿತು. ಕ್ರೋಶಾ ಮತ್ತು ತುಂಬಿದ ಗೊಂಬೆ ಇವೆರಡನ್ನು ಒಂದು ಪ್ರತ್ಯೇಕ ಶೈಲಿಯಾಗಿ ಜೋಡಿಸಿದ್ದು ಜಪಾನು. 2000ದ ನಂತರ ಇಂಟರ್‌ನೆಟ್ಟಿನ ಜತೆಗೆ ಅದು ಲೋಕವೆಲ್ಲ ಹಬ್ಬಿತು. ಅಂದರೆ ಹುಬ್ಬಳ್ಳಿಯ ಕ್ರೋಶಾ ಆನೆಯಲ್ಲಿ ಫ್ರಾನ್ಸಿನ ಕೊಕ್ಕೆ, ಜರ್ಮನಿಯ ಗೊಂಬೆ, ಜಪಾನಿನ ಅಂದ ಮೂರೂ ಇವೆ. ಇಷ್ಟು ಪರದೇಶಿ ಸಾಮಾನು ಸೇರಿದ್ದನ್ನು ಈ ನೆಲದ್ದು ಎನ್ನುವುದು ಹೇಗೆ? ಹಾಗೆನ್ನಲು ತಂತ್ರದ ಮೂಲ ನೋಡಿದರೆ ಸಾಲದು, ಅದು ಇಲ್ಲಿ ಯಾವ ಕೆಲಸಕ್ಕೆ ಒದಗಿತು ಎಂಬುದನ್ನು ನೋಡಬೇಕು.

ಉಡುಗೊರೆಯ ನೆಲ

ಧಾರವಾಡ ಸೀಮೆಯಲ್ಲಿ ಪ್ರಾಣಿಯ ರೂಪ ಮಾಡಿ ಕೈಯಿಂದ ಕೈಗೆ ದಾಟಿಸುವ ಪದ್ಧತಿ ವರ್ಷದ ಚಕ್ರದಲ್ಲಿಯೇ ಸೇರಿದೆ. ಮುಂಗಾರಿನ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿ ಮಣ್ಣಿನಿಂದ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಪೂಜೆ ಮುಗಿದ ಮೇಲೆ ಅವು ನೀರಿಗೆ ಹೋಗುತ್ತವೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಪಾಕ ಹೊಯ್ದು ಮಾಡಿದ ಸಕ್ಕರೆಯ ಆನೆ, ಕುದುರೆ, ಒಂಟೆ, ಗಿಳಿಗಳು ಪೇಟೆಗೆ ಬರುತ್ತವೆ. ಆರತಿ ತಟ್ಟೆಯಲ್ಲಿ ಕೂತು, ಬೀಗರ ಮನೆಗಳ ನಡುವೆ ಓಡಾಡಿ, ಕಡೆಗೆ ಮಕ್ಕಳ ಬಾಯಿ ಸೇರುತ್ತವೆ. ಮಗಳ ಸೀರೆಯ ಮೇಲೆ ಕಸೂತಿಯ ನವಿಲು ಕೂಡುತ್ತದೆ. ತೊಟ್ಟಿಲಿನ ಮೇಲೆ ಬಟ್ಟೆಯ ಗಿಳಿಗಳ ಗೊಂಚಲು ತೂಗುತ್ತದೆ. ಕರಗುವ ಎತ್ತು, ತಿನ್ನುವ ಆನೆ, ಉಡುವ ನವಿಲು, ನೋಡುವ ಗಿಳಿ ಇವೆಲ್ಲ ಇದ್ದ ಊರಿನಲ್ಲಿ ಇಲ್ಲದೆ ಇದ್ದದ್ದು ಕೂಸು ಅಪ್ಪಿಕೊಂಡು ಮಲಗುವಂಥ ಕೈ ಹೆಣಿಗೆಯ ಪ್ರಾಣಿ. ಕ್ರೋಶಾ ತುಂಬಿದ್ದು ಆ ಖಾಲಿ ಜಾಗವನ್ನು.

ಇಲ್ಲಿಯ ಹೆರಿಗೆಯ ಉಡುಗೊರೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ಕೂಸಿನ ಜತೆಗೆ ತೊಟ್ಟಿಲು, ಕೌದಿ, ಕುಂಚಿಗಿ, ಕುಲಾವಿ ಹೋಗುತ್ತವೆ. ಅನುಕೂಲ ಇದ್ದವರು ಕಲಘಟಗಿಯ ತೊಟ್ಟಿಲು ಮಾಡಿಸುತ್ತಾರೆ. ಸಾಗವಾನಿಯ ಹಲಗೆಗೆ ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬಿಡಿಸುವ ಚಿತ್ರಗಾರ ಮನೆತನಗಳ ಕೆಲಸ ಅದು. ಕೌದಿಗೆ ಮಾತ್ರ ಹಣ ಬೇಕಿಲ್ಲ. ಅಜ್ಜಿಯ ಹಳೆ ಸೀರೆ, ಅಜ್ಜನ ಧೋತರ ಪದರ ಪದರವಾಗಿ ಹಾಸಿ ಒಂದೇ ಸಮನೆ ಹೊಲಿಗೆ ಹಾಕುತ್ತ ಹೋದರೆ ಕೌದಿ ಆಗುತ್ತದೆ. ಧಾರವಾಡಕ್ಕೆ ಹೊಂದಿಕೊಂಡ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಹೆಂಗಸರು ಇದನ್ನು ಅಂಚಿನಿಂದ ಆರಂಭಿಸಿ ಒಳಕ್ಕೆ ಸುತ್ತುತ್ತ ಹೊಲಿಯುತ್ತಾರೆ, ನಾಲ್ಕು ಮೂಲೆಗೆ ತ್ರಿಕೋನದ ಬಟ್ಟೆ ಮಡಚಿ ‘ಹೂವು’ ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬೆಚ್ಚಗಿಡುವ ಕೆಲಸಕ್ಕೆ ಆ ಹೂವಿನ ಅಗತ್ಯವೇನೂ ಇಲ್ಲ. ಆದರೆ ಉಪಯೋಗವನ್ನು ದಾಟಿ ಒಂದು ಗೇಣು ಹೆಚ್ಚು ದುಡಿದಾಗ ವಸ್ತು ಉಡುಗೊರೆಯಾಗುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ. ಕ್ರೋಶಾ ಪ್ರಾಣಿ ಪೂರ್ತಿಯಾಗಿ ಆ ಹೂವಿನ ಜಾತಿಯದು. ಕುಲಾವಿಯಂತೆ ತಲೆ ಮುಚ್ಚದು, ಕೌದಿಯಂತೆ ಬೆಚ್ಚಗಿಡದು. ನಿನಗಾಗಿ ಇಷ್ಟು ಹೊತ್ತು ಕೂತಿದ್ದೆ ಎಂದು ಹೇಳುವುದೊಂದೇ ಅದರ ಕೆಲಸ.

ಕೈಯ ಬೆಲೆ

ಆ ‘ಇಷ್ಟು ಹೊತ್ತು’ ಎಷ್ಟು ಎಂದು ಲೆಕ್ಕ ಹಾಕಬಹುದು. ಮೇಲೆ ಹೇಳಿದ ತಲೆಗೆ 432 ಕುಣಿಕೆ. ಅದೇ ದಪ್ಪದ, ಇನ್ನು ನಾಲ್ಕು ಸುತ್ತು ಉದ್ದನೆಯ ಹೊಟ್ಟೆಗೆ 576. ಒಂದೊಂದಕ್ಕೆ 180ರಂತೆ ನಾಲ್ಕು ಕಾಲಿಗೆ 720, ಎರಡು ಕಿವಿಗೆ 180, ಸೊಂಡಿಲಿಗೆ ಸುಮಾರು 100. ಗೇಣುದ್ದ ಮುಟ್ಟದ ಒಂದು ಸಾಧಾರಣ ಆನೆಗೆ ಹೀಗೆ ಎರಡು ಸಾವಿರ ಕುಣಿಕೆ. ನಿಮಿಷಕ್ಕೆ ಹನ್ನೆರಡು ಹಾಕುವ ಪಳಗಿದ ಕೈಗೆ ಇದು ಎರಡು ಮುಕ್ಕಾಲು ಗಂಟೆಯ ಕೆಲಸ. ತುಂಬುವುದು, ಬಿಡಿ ಭಾಗ ಜೋಡಿಸುವುದು, ಕಣ್ಣು ಹೊಲಿಯುವುದು, ದಾರದ ತುದಿಗಳನ್ನು ಒಳಗೆ ಮರೆಸುವುದು ಸೇರಿದರೆ ನಾಲ್ಕೂವರೆ ಗಂಟೆ ಬೇಕು. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 2025-26ರಲ್ಲಿ ₹370 ಇತ್ತು. ಅದನ್ನು ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ₹46. ನಾಲ್ಕೂವರೆ ಗಂಟೆಗೆ ₹208. ಮಣ್ಣು ಹೊರುವ ಕೂಲಿಯ ಮಟ್ಟದಲ್ಲಿಯೇ ಲೆಕ್ಕ ಹಿಡಿದರೂ ದಾರ, ಫೈಬರ್, ಅಂಗಡಿಯ ಪಾಲು ಯಾವುದೂ ಸೇರದೆ ಆನೆಯ ಬೆಲೆ ಇನ್ನೂರು ದಾಟಿತು. ಕಾರ್ಖಾನೆಯಲ್ಲಿ ಹೊಲಿದ ಅಷ್ಟೇ ಗಾತ್ರದ ಪ್ಲಶ್ ಗೊಂಬೆಯ ಎದುರು ಈ ಬೆಲೆಗೆ ಗಿರಾಕಿ ಹುಡುಕುವುದು ಕಷ್ಟ.

ಯಂತ್ರದಿಂದ ಖರ್ಚು ಇಳಿಸೋಣ ಎಂದರೆ ಆ ದಾರಿಯೂ ಇಲ್ಲ. ಸ್ವೆಟರಿನ ಹೆಣಿಗೆಯನ್ನು ಯಂತ್ರ ಹದಿನಾರನೆಯ ಶತಮಾನದ ಕೊನೆಗೇ ಕಲಿಯಿತು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಕಟ್ಟಿದ್ದ. ಕ್ರೋಶಾ ಮಾತ್ರ ಇಂದಿಗೂ ಕಾರ್ಖಾನೆಗೆ ಒಗ್ಗಿಲ್ಲ. ಪ್ರತಿ ಸಲವೂ ಸೂಜಿ ಹಳೆಯ ಕುಣಿಕೆಯ ಸಂದನ್ನು ಹುಡುಕಿ ಒಳಹೊಗಬೇಕು, ದಾರ ಹಿಡಿದು ತಿರುಗಿ ಹೊರಬರಬೇಕು; ತುಂಬಿದ ಗೊಂಬೆಯ ದುಂಡು ಮೈಯಲ್ಲಿ ಆ ಸಂದಿನ ಜಾಗ ಪ್ರತಿ ಸುತ್ತಿಗೂ ಬದಲಾಗುತ್ತದೆ. ಕ್ರೋಶಾ ಯಂತ್ರ ಎಂದು ಮಾರುಕಟ್ಟೆಯಲ್ಲಿ ಕರೆಯುವುದು ಲೇಸು, ಪಟ್ಟಿಗಳ ಇನ್ನೊಂದು ಬಗೆಯ ಹೆಣಿಗೆ ಮಾಡುವ ಯಂತ್ರ. ಇದರಿಂದ ಹೊರಡುವ ತೀರ್ಮಾನ ಸಣ್ಣದಲ್ಲ. ಜಗತ್ತಿನ ಯಾವುದೇ ಅಂಗಡಿಯಲ್ಲಿ ನಿಜವಾದ ಕ್ರೋಶಾ ಗೊಂಬೆ ಕಂಡರೂ ಅದನ್ನು ಒಬ್ಬರು ಕೂತು ಕೈಯಾರೆ ಹೆಣೆದಿದ್ದಾರೆ. ಅದರ ಚೀಟಿಯ ಮೇಲೆ ತೊಂಬತ್ತೊಂಬತ್ತು ರೂಪಾಯಿ ಎಂದಿದ್ದರೆ ಉಳಿತಾಯ ಮಾಡಿದ್ದು ಯಂತ್ರವಲ್ಲ. ಎಲ್ಲೋ ಒಂದು ಕೈ ಅಗ್ಗವಾಗಿದೆ.

ಆ ಅಗ್ಗದ ಕೈಯ ಚಿತ್ರ ನರಸಾಪುರದಲ್ಲಿ ದಾಖಲಾಗಿದೆ. ಜರ್ಮನ್ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿಯ ಲೇಸುಗಾತಿಯರ ಬಗ್ಗೆ 1982ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮುಖ್ಯ ಅಂಶವನ್ನು ಎತ್ತಿ ತೋರಿಸಿತು. ವಿದೇಶಕ್ಕೆ ರಫ್ತಾಗುವ ಸರಕನ್ನು ದಿನವಿಡೀ ಹೆಣೆಯುತ್ತಿದ್ದ ಹೆಂಗಸರನ್ನು ಸುತ್ತಲಿನವರು ಕೆಲಸಗಾರರೆಂದು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂಬ ಹೆಸರಿನಲ್ಲಿ ಕೂಲಿ ತೀರ ಕೆಳಗಿತ್ತು, ಲಾಭ ವ್ಯಾಪಾರಿಗಳ ಪಾಲಾಗುತ್ತಿತ್ತು. ಮನೆಯಲ್ಲೇ ಕೂತು ದುಡಿಯಿರಿ ಎಂಬ ಮಾತಿನ ಸವಿ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಡ. ಹುಬ್ಬಳ್ಳಿ-ಧಾರವಾಡದಲ್ಲಿ ಕ್ರೋಶಾ ಗೊಂಬೆಯನ್ನು ಸಗಟು ಸರಕಾಗಿ ಬೆಳೆಸುವ ಯೋಚನೆ ಬಂದಾಗಲೆಲ್ಲ ಮೊದಲು ಓದಬೇಕಾದದ್ದು ನರಸಾಪುರದ ಲೆಕ್ಕವನ್ನು.

ಆಕ್ಷೇಪಗಳು

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಮಾರಿದರೆ ಕಡಿಮೆ ಕೂಲಿ ಎನ್ನುತ್ತೀರಿ. ಉಡುಗೊರೆ ಕೊಟ್ಟರೆ ಕೂಲಿಯೇ ಇಲ್ಲವಲ್ಲ, ಅದು ಹೆಂಗಸಿನ ಪುಕ್ಕಟೆ ದುಡಿಮೆಯನ್ನು ಹೊಗಳಿದಂತೆ ಆಗುವುದಿಲ್ಲವೆ? ಆಗುವ ಅಪಾಯ ಖಂಡಿತ ಇದೆ. ಅಕ್ಕ, ನಮ್ಮ ಕೂಸಿಗೂ ಒಂದು ಮಾಡಿಕೊಡ್ರಿ ಎಂದು ಓಣಿಯವರೆಲ್ಲ ಕೇಳತೊಡಗಿದರೆ ಉಡುಗೊರೆ ಬಿಟ್ಟಿ ಬೇಗಾರವಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಹಣದಲ್ಲಿಲ್ಲ, ಆಯ್ಕೆಯಲ್ಲಿದೆ. ಉಡುಗೊರೆಯಲ್ಲಿ ಯಾರಿಗೆ, ಯಾವಾಗ, ಎಷ್ಟು ದೊಡ್ಡದು ಎಂದು ನಿರ್ಧರಿಸುವವರು ಹೆಣೆಯುವವರೇ. ಕೊಟ್ಟ ಮನೆಯೊಂದಿಗೆ ಒಂದು ಋಣ ಬೆಳೆಯುತ್ತದೆ, ಅದು ನಾಳೆ ಇನ್ನೊಂದು ರೂಪದಲ್ಲಿ ತಿರುಗಿ ಬರುತ್ತದೆ. ಮುಯ್ಯಿಗೆ ಮುಯ್ಯಿ ಎಂಬ ಈ ಲೆಕ್ಕ ಉತ್ತರ ಕರ್ನಾಟಕದ ಮದುವೆ, ಕುಬಸಗಳಲ್ಲಿ ಎಲ್ಲರಿಗೂ ಗೊತ್ತು. ಸರಕಿನ ವ್ಯವಹಾರದಲ್ಲಿ ಗಿರಾಕಿ ಹಣ ಕೊಟ್ಟ ಕೂಡಲೇ ಸಂಬಂಧ ಮುಗಿಯುತ್ತದೆ, ಅಗ್ಗವಾದ ಕೂಲಿಗೆ ಆಮೇಲೆ ಯಾವ ಪರಿಹಾರವೂ ಇಲ್ಲ. ಕೇಳಿ ಮಾಡಿಸಿಕೊಳ್ಳುವವರಿಗೆ ಗಂಟೆಯ ಲೆಕ್ಕದಲ್ಲಿ ಬೆಲೆ ಹೇಳುವುದು ತಪ್ಪಲ್ಲ, ಅದೇ ಸರಿ. ಹೊಟ್ಟೆಪಾಡಿಗಾಗಿ ಹೆಣೆಯುವವರೂ ಇದ್ದಾರೆ. ಅವರಿಗೆ ಉಡುಗೊರೆಯ ಮಹತ್ವ ಬೋಧಿಸಿ ಪ್ರಯೋಜನವಿಲ್ಲ. ಒಬ್ಬೊಬ್ಬ ಗಿರಾಕಿಯ ಹೆಸರು ಹಿಡಿದು, ಮುಂಗಡ ಪಡೆದು, ಗಂಟೆ ಎಣಿಸಿ ಮಾಡುವ ಸಣ್ಣ ವ್ಯವಹಾರ ಅವರಿಗೆ ಸಗಟು ಆರ್ಡರಿಗಿಂತ ಸುರಕ್ಷಿತ. ಅಂಥ ವ್ಯವಹಾರ ಉಡುಗೊರೆಯ ರೀತಿಗೇ ಹತ್ತಿರವಾದದ್ದು.

ಎರಡನೆಯ ಆಕ್ಷೇಪ ದಾರದ್ದು. ಹುಬ್ಬಳ್ಳಿ ಅರಳೆಯ ದೊಡ್ಡ ಪೇಟೆ. 1840ರ ದಶಕದಲ್ಲಿ ಅಮೆರಿಕದ ತಳಿ ತಂದು ಇಲ್ಲಿಯ ಎರೆ ಭೂಮಿಗೆ ಒಗ್ಗಿಸಿದ್ದರಿಂದ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಹತ್ತಿಯೇ ಹುಟ್ಟಿತು. 1972ರಲ್ಲಿ ‘ವರಲಕ್ಷ್ಮಿ’ ಎಂಬ ಹೆಸರಾಂತ ಸಂಕರ ತಳಿ ರೂಪುಗೊಂಡದ್ದು ಧಾರವಾಡದಲ್ಲಿ. ಹತ್ತಿರದ ಗರಗದಲ್ಲಿ ಖಾದಿ ನೇಯುತ್ತಾರೆ, ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಇಂಥ ಊರಿನ ಗೊಂಬೆಗೆ ಲುಧಿಯಾನದ ಅಕ್ರಿಲಿಕ್ ‘ಉಲ್ಲನ್’ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕಟ್ಲರಿ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆಯಲ್ಲಿ ಹೆಚ್ಚಿನ ಸಲ ಉಣ್ಣೆಯೇ ಇರುವುದಿಲ್ಲ. ಅದು ಅಗ್ಗ, ಬಣ್ಣ ಹೆಚ್ಚು, ಕೊಕ್ಕೆಗೆ ಜಾರುತ್ತದೆ. ಆದರೆ ತಿಕ್ಕಾಟಕ್ಕೆ ಗುಂಜು ಏಳುತ್ತದೆ, ಬಿಸಿಗೆ ಕರಗುತ್ತದೆ, ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲಿ ಕೂಸಿನ ಮೈಗೆ ಹಿತವಲ್ಲ. ಹತ್ತಿ ದಾರ ಬಿಗಿ, ತೊಳೆದರೆ ತಡೆಯುತ್ತದೆ, ಕುಣಿಕೆ ಒಂದೊಂದೂ ಎದ್ದು ಕಾಣುತ್ತದೆ. ತಪ್ಪೂ ಎದ್ದು ಕಾಣುತ್ತದೆ. ಇಲ್ಲಿ ರಾಜಿ ಮಾಡಿಕೊಳ್ಳಬೇಕಾಗಿಲ್ಲ: ಕಪಾಟಿನ ಮೇಲೆ ಕೂಡುವ ಗೊಂಬೆಗೆ ಅಕ್ರಿಲಿಕ್ ಸಾಕು, ಬಾಯಿಗೆ ಹೋಗುವ ಗೊಂಬೆಗೆ ಹತ್ತಿಯೇ ಬೇಕು. ನಾಲ್ಕೂವರೆ ಗಂಟೆಯ ದುಡಿಮೆಯ ಎದುರು ದಾರದ ಹೆಚ್ಚಿನ ಬೆಲೆ ಸಣ್ಣದು. ದುಬಾರಿಯಾದ ಕೈಗೆ ಅಗ್ಗದ ದಾರ ಕೊಡುವುದು ಲೆಕ್ಕಕ್ಕೆ ಹೊಂದದು.

ಕರ್ನಾಟಕಕ್ಕೆ ತನ್ನದೇ ಗೊಂಬೆಗಳಿವೆ, ಚನ್ನಪಟ್ಟಣದ್ದೂ ಕೊಪ್ಪಳದ ಕಿನ್ನಾಳದ್ದೂ ಭೌಗೋಳಿಕ ಗುರುತು ಪಡೆದಿವೆ, ಅವನ್ನು ಬಿಟ್ಟು ಜಪಾನಿನ ಅಂದಕ್ಕೆ ಮರುಳಾಗುವುದೇಕೆ ಎಂಬುದು ಮೂರನೆಯ ಮಾತು. ಆದರೆ ಇವು ಒಂದೇ ಜಾಗಕ್ಕೆ ಹೋರಾಡುವ ವಸ್ತುಗಳಲ್ಲ. ಚನ್ನಪಟ್ಟಣದ ಗೊಂಬೆಗೆ ಚರಕಿ ಬೇಕು, ಅರಗು ಬೇಕು, ಕಸುಬಿನ ಬಲ ಬೇಕು; ಕಿನ್ನಾಳದ ಗೊಂಬೆಗೆ ಹಗುರ ಮರ, ಹುಣಸೆ ಬೀಜದ ಸರಿ, ಚಿತ್ರಗಾರರ ಕುಂಚ ಬೇಕು. ಅವು ಕಸುಬುದಾರರಿಂದ ಕೊಳ್ಳಬೇಕಾದ ಗೊಂಬೆಗಳು, ಕೊಂಡರೆ ಒಂದು ಕುಟುಂಬದ ಕಸುಬು ಉಳಿಯುತ್ತದೆ. ಕ್ರೋಶಾಗೆ ಒಂದು ಸೂಜಿ ಮತ್ತು ಬಿಡುವು ಸಾಕು. ಕೊಡುವವರೇ ಮಾಡುವ ಗೊಂಬೆ ಅದು. ಅದನ್ನು ಹೋಲಿಸಬೇಕಾದದ್ದು ಕಸುಬಿನ ಗೊಂಬೆಗಳೊಂದಿಗೆ ಅಲ್ಲ, ಮನೆಯ ಕೌದಿಯೊಂದಿಗೆ. ಅಂದದ ಮಾತಿನಲ್ಲಿ ಆಕ್ಷೇಪಕ್ಕೆ ತೂಕವಿದೆ. ಉಬ್ಬಿದ ತಲೆ, ಚುಕ್ಕೆ ಕಣ್ಣು, ಗುಲಾಬಿ ಕೆನ್ನೆಯ ಒಂದೇ ಅಚ್ಚಿನ ಪ್ರಾಣಿಗಳು ಎಲ್ಲೆಡೆ ಕಾಣುತ್ತವೆ. ಕಸೂತಿಯ ಅಂಬಾರಿ ಆನೆ, ಕೊಂಬಿಗೆ ಗೊಂಡೆ ಕಟ್ಟಿದ ಕಾರಹುಣ್ಣಿಮೆಯ ಎತ್ತು, ತೊಟ್ಟಿಲಿನ ಗಿಳಿ ಕಣ್ಣೆದುರಿಗೇ ಇರುವ ಊರಿನಲ್ಲಿ ಪಾಂಡಾವನ್ನೇ ಹೆಣೆಯುವುದು ಕಲ್ಪನೆಯ ಸೋಮಾರಿತನ.

ಸುರಕ್ಷತೆ

ಭಾರತದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, ಮಾರಾಟದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳ ಸರಕಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ಇದರಿಂದ ವಿನಾಯಿತಿ ಇದೆ. ಮನೆಯಲ್ಲಿ ಹೆಣೆದು ಕೊಟ್ಟ ಉಡುಗೊರೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಮುದ್ರೆ ಇಲ್ಲದ ಕಡೆ ಹೊಣೆ ಹೆಣೆದವರ ಮೇಲೆಯೇ ಬೀಳುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು ಅಳೆಯಲು 31.7 ಮಿಲಿಮೀಟರ್ ವ್ಯಾಸದ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಕಳಚಿದ ಭಾಗ ಅದರೊಳಗೆ ಪೂರ್ತಿ ಹಿಡಿದರೆ ಕೂಸಿನ ಗಂಟಲಿಗೂ ಹಿಡಿಯುತ್ತದೆ ಎಂದರ್ಥ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಹಿಂದೆ ಬಿಲ್ಲೆ ಕೂಡಿಸಿ ಬಿಗಿಯುವ ‘ಸೇಫ್ಟಿ ಐ’ ಕೂಡ ಕ್ರೋಶಾದ ಸಡಿಲ ಕುಣಿಕೆಯಿಂದ ಕಿತ್ತು ಬರಬಹುದು. ಕೂಸಿನ ಗೊಂಬೆಗೆ ಕಪ್ಪು ದಾರದಲ್ಲಿ ಹೊಲಿದ ಕಣ್ಣೇ ಸರಿ. ಕಸೂತಿ ಬಲ್ಲ ಊರಿಗೆ ಅದೇನೂ ಕಷ್ಟವಲ್ಲ.

ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ಒಂದು ಸ್ವಯಂಸೇವಾ ಕೆಲಸ ಇಲ್ಲಿ ಪಾಠ ಹೇಳುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗಾಗಿ ಕ್ರೋಶಾ ಆಕ್ಟೋಪಸ್ ಹೆಣೆದು ಆಸ್ಪತ್ರೆಗಳಿಗೆ ಕೊಡುವ ಆ ತಂಡ ನೂರಕ್ಕೆ ನೂರು ಹತ್ತಿ ದಾರ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಲು ಬರುವ ತುಂಬುವಿಕೆ, ಎಳೆದಾಗಲೂ 22 ಸೆಂಟಿಮೀಟರ್ ಮೀರದ ತೋಳುಗಳು ಎಂಬ ನಿಯಮ ಇಟ್ಟುಕೊಂಡಿತು. ಪ್ರೀತಿಗೂ ಅಳತೆಪಟ್ಟಿ ಬೇಕಾಗುತ್ತದೆ. ಒಂದು ವರ್ಷದೊಳಗಿನ ಕೂಸು ಮಲಗುವ ಜಾಗದಲ್ಲಿ ಮೆತ್ತನೆಯ ಯಾವ ವಸ್ತುವೂ ಇರಬಾರದು ಎಂಬುದು ಮಕ್ಕಳ ವೈದ್ಯರ ಸಲಹೆ. ಉಸಿರು ಕಟ್ಟುವ ಭಯ ಇರುತ್ತದೆ. ತೊಟ್ಟಿಲಿನ ಗಿಳಿಗಳನ್ನು ಕೈಗೆ ಸಿಗದ ಎತ್ತರಕ್ಕೆ ಕಟ್ಟಿದ ಹಿರಿಯರ ರೂಢಿಗೆ ಈ ಸಲಹೆ ತಾನಾಗಿ ಹೊಂದುತ್ತದೆ. ಹೆಸರಿಡುವ ದಿನ ಕೊಟ್ಟ ಆನೆ ಮೊದಲ ವರ್ಷ ತೊಟ್ಟಿಲಿನ ಮೇಲೆ ಕೈಗೆ ಸಿಗದ ಎತ್ತರದಲ್ಲಿ ಬಿಗಿಯಾಗಿ ತೂಗಲಿ, ಕೂಸು ನಡೆದಾಡತೊಡಗಿದ ಮೇಲೆ ಕೈಗೆ ಇಳಿಯಲಿ.

ಬಿಚ್ಚುವ ದಾರ

ಕ್ರೋಶಾಗೆ ಇನ್ನೊಂದು ಗುಣವಿದೆ. ಪ್ರತಿ ಭಾಗವೂ ಒಂದೇ ಎಳೆಯಿಂದ ಆದದ್ದರಿಂದ, ಕೊನೆಯ ಗಂಟು ಬಿಡಿಸಿ ತುದಿ ಎಳೆದರೆ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಮತ್ತೆ ಬರೀ ದಾರವಾಗುತ್ತದೆ. ಕಿವಿ ಹರಿದರೆ ಕಿವಿಯನ್ನಷ್ಟೇ ಬಿಚ್ಚಿ ಮರಳಿ ಹೆಣೆಯಬಹುದು. ಅಣ್ಣ ದೊಡ್ಡವನಾದ ಮೇಲೆ ಆನೆಯನ್ನು ಉಚ್ಚಿ ತಂಗಿಗೆ ಮೊಲ ಮಾಡಬಹುದು. ಹಳೆ ಸ್ವೆಟರ್ ಬಿಚ್ಚಿ ಹೊಸದು ಹಾಕಿದ ಮನೆಗಳಿಗೆ ಇದು ಗೊತ್ತಿರುವ ವಿದ್ಯೆ. ಅಜ್ಜಿಯ ಸೀರೆ ಕೌದಿಯಾದದ್ದೂ ಈ ತರ್ಕದಿಂದಲೇ. ಕಾರ್ಖಾನೆಯ ಗೊಂಬೆ ಹರಿದರೆ ಕಸದ ಗಾಡಿಗೆ ಹೋಗುತ್ತದೆ, ಏಕೆಂದರೆ ಅದನ್ನು ಮಾಡಿದ ಕೈ ಎಲ್ಲಿದೆಯೋ ಯಾರಿಗೂ ತಿಳಿಯದು. ಉಡುಗೊರೆ ಬಂದ ಗೊಂಬೆ ಹರಿದರೆ ಅದನ್ನು ಹಿಡಿದುಕೊಂಡು ಹೋಗಲು ಒಂದು ಮನೆ ಇರುತ್ತದೆ, ಅಲ್ಲಿ ಸೂಜಿ ಹಿಡಿಯುವ ಒಬ್ಬ ಅಜ್ಜಿಯೋ ಚಿಕ್ಕಮ್ಮನೋ ಇರುತ್ತಾಳೆ. ಎರಡು ಸಾವಿರ ಕುಣಿಕೆಯ ನಿಜವಾದ ಬೆಲೆ ತಿಳಿಯುವುದು ಗೊಂಬೆ ಕೈಸೇರಿದ ದಿನ ಅಲ್ಲ, ಅದು ರಿಪೇರಿಗೆಂದು ಅವಳ ಬಾಗಿಲಿಗೆ ಮರಳಿದ ದಿನ.